ಪಿಎಚ್‌ಡಿ ಮಾಡುವವಳಿಗೂ ಟ್ರೈನಿಂಗಾ?

ಪ್ರಶ್ನೆ: ನಮ್ಮ ಮಗಳು ಅಟ್ಲಾಂಟಾದಲ್ಲಿ ಮಷಿನ್ ಲರ್ನಿಂಗ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಮೂರನೇ ವರ್ಷ. ಬೇಸಿಗೆಗೆ ಊರಿಗೆ ಬರುತ್ತಾಳೆ ಅಂತ ಕಾಯುತ್ತಿದ್ದೆವು. ಈಗ ಸಿಯಾಟಲ್‌ನ ಕಂಪನಿಯೊಂದರಲ್ಲಿ ಮೂರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿದೆ, ಬರಲ್ಲ ಅನ್ನುತ್ತಾಳೆ. ಅದು ಬಿ.ಇ. ಹುಡುಗರು ಮಾಡುವ ಟ್ರೈನಿಂಗ್ ಅಲ್ವಾ? ಪಿಎಚ್‌ಡಿ ತಡವಾಗುವುದಿಲ್ಲವೇ? ವೀಸಾಕ್ಕೆ ತೊಂದರೆ ಇಲ್ಲವೇ?
— ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ

ಉತ್ತರ: ನಮಸ್ಕಾರ ಮೇಷ್ಟ್ರೇ. ನಮ್ಮಪ್ಪನೂ ಇದನ್ನೇ ಕೇಳಿದ್ದರು. "ಇಷ್ಟು ಓದಿದ ಮೇಲೂ ಟ್ರೈನಿಂಗಾ?" ಅಂತ. ಅರ್ಧ ಗಂಟೆ ಫೋನಿನಲ್ಲಿ ವಿವರಿಸಿದೆ. ಎಲ್ಲ ಕೇಳಿಸಿಕೊಂಡು "ಊಟ ಆಫೀಸಲ್ಲೇ ಕೊಡ್ತಾರಾ?" ಅಂದರು. ಕೊಡ್ತಾರೆ ಅಂದೆ. ಸಮಾಧಾನವಾಯಿತು.

ಇದು ಕೂರಿಸಿ ಕಲಿಸುವ ಟ್ರೈನಿಂಗ್ ಅಲ್ಲ. ಒಂದು ಸಂಶೋಧನೆಯ ಪ್ರಶ್ನೆ ಕೊಟ್ಟು, 12 ವಾರದಲ್ಲಿ ಏನಾಗುತ್ತೆ ನೋಡು ಅನ್ನುತ್ತಾರೆ. ಇಂಟರ್ನ್ ಅಂದರೆ ಬರೀ ಕಲಿಯುವವರಲ್ಲ ಅನ್ನೋದಕ್ಕೆ ಒಂದು ಉದಾಹರಣೆ ಹೇಳ್ತೀನಿ. ಚಾಟ್‌ಜಿಪಿಟಿ ಹೆಸರಿನ ಕೊನೆಯಲ್ಲಿ 'ಟಿ' ಇದೆಯಲ್ಲ, ಅದು ಟ್ರಾನ್ಸ್‌ಫಾರ್ಮರ್. ಕರೆಂಟಿನದಲ್ಲ, ಇಂಥ ಎಐಗಳ ಒಳಗಿರುವ ವಿನ್ಯಾಸದ ಹೆಸರು. 2017ರಲ್ಲಿ ಗೂಗಲ್‌ನ ತಂಡ ಅದರ ಸಂಶೋಧನಾ ಪೇಪರ್ ಬರೆದಾಗ ಎಂಟು ಲೇಖಕರಲ್ಲಿ ಒಬ್ಬ, ಏಡನ್ ಗೋಮೆಜ್, ಅಲ್ಲಿ ಇಂಟರ್ನ್ ಆಗಿದ್ದ. ಅವನದು ಇನ್ನೂ ಡಿಗ್ರಿಯೇ ಮುಗಿದಿರಲಿಲ್ಲ!

ಯೂನಿವರ್ಸಿಟಿ ಬಿಟ್ಟು ಅಲ್ಲಿಗೆ ಯಾಕೆ ಹೋಗಬೇಕು? ಮುಖ್ಯವಾಗಿ ಮಷಿನ್‌ಗಳಿಗಾಗಿ. ನಮ್ಮ ಲ್ಯಾಬಿನಲ್ಲಿ ಆರು ಜನಕ್ಕೆ ಎಂಟು ಜಿಪಿಯು, ಅಂದರೆ ಈ ಕೆಲಸದ ಭಾರೀ ಲೆಕ್ಕಗಳನ್ನು ಮಾಡುವ ಕಂಪ್ಯೂಟರ್ ಚಿಪ್‌ಗಳು, ಇದ್ದವು. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಹೆಸರು ಬರೆದು, ರೇಷನ್ ಅಂಗಡಿ ಮುಂದೆ ನಿಂತ ಹಾಗೆ ಸರದಿ ಕಾಯುತ್ತಿದ್ದೆವು. ಕಂಪನಿಯಲ್ಲಿ ಆ ಕಷ್ಟ ಕಡಿಮೆ. ದುಡ್ಡೂ ಇದೆ ಅನ್ನಿ. ಅಮೆರಿಕದಲ್ಲಿ ಬಹಳ ಕಡೆ ಟೀಚಿಂಗ್ ಕೆಲಸದ ಸ್ಟೈಪೆಂಡ್ ಒಂಬತ್ತು ತಿಂಗಳಿಗೆ ಮಾತ್ರ. ಬೇಸಿಗೆ ಖರ್ಚಿಗೆ ಗೈಡ್ ಹತ್ತಿರ ಗ್ರಾಂಟ್ ಇರಬೇಕು. ದೊಡ್ಡ ಕಂಪನಿಗಳು ತಿಂಗಳಿಗೆ ಕೊಡುವುದು ಆ ಸ್ಟೈಪೆಂಡಿನ ಎರಡು ಪಟ್ಟಿಗೂ ಜಾಸ್ತಿ.

ತಡವಾಗುತ್ತಾ ಅಂತ ಕೇಳಿದಿರಿ. ಅದು ಸಿಗುವ ಪ್ರಾಜೆಕ್ಟನ್ನು ನೋಡಿ ಹೇಳಬೇಕಾದ ಮಾತು. ಥೀಸಿಸ್‌ಗೆ ಒಂದು ಅಧ್ಯಾಯವಾಗಿ ಸೇರುವಂಥದ್ದಾದರೆ ಲಾಭವೇ. ನನಗೆ ಹಾಗಾಗಲಿಲ್ಲ. ಕಂಪನಿಯ ಹೆಸರು ಬೇಡ. ಜೂನ್ ಮೊದಲ ಸೋಮವಾರ ಹೋಗಿ ಕೂತೆ. ಲ್ಯಾಪ್‌ಟಾಪ್ ಕೊಟ್ಟರು, ಡೇಟಾ ಕೊಡಲಿಲ್ಲ. ಅದಕ್ಕೆ ಇನ್ಯಾರದೋ ಅನುಮತಿ ಬೇಕಂತೆ. ಕಂಪನಿಯಲ್ಲಿ ನನ್ನ ಕೆಲಸ ನೋಡಿಕೊಳ್ಳಬೇಕಿದ್ದ ಮೆಂಟರ್ ಎರಡನೇ ವಾರ ರಜೆ ಹಾಕಿ ಹೋದರು. ನಾಲ್ಕು ವಾರ ಸುಮ್ನೆ ಬೇರೆಯವರ ಹಳೇ ಕೋಡ್ ಓದುತ್ತಾ, ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾ ಕಳೆದೆ. ಕೊನೆಯ ಎರಡು ವಾರ ಪ್ರೆಸೆಂಟೇಷನ್, ಕೋಡ್ ಒಪ್ಪಿಸುವುದು. ಕೆಲಸಕ್ಕೆ ಅಂತ ಸಿಕ್ಕಿದ್ದು ಆರೇ ವಾರ. ಪೇಪರ್ ಬರಲಿಲ್ಲ. ಕೋಡ್ ಕಂಪನಿಯದು, ತರುವಂತಿಲ್ಲ. ಆ ವರ್ಷ ದೀಪಾವಳಿವರೆಗೂ ಗೈಡ್ ಮುಖ ಕೊಟ್ಟು ಮಾತಾಡಲಿಲ್ಲ.

ಅದಕ್ಕೇ ಮಗಳಿಗೆ ಹೇಳಿ, ಹೋಗುವ ಮೊದಲೇ ಮೆಂಟರ್ ಹತ್ತಿರ ಬಾಯಿಬಿಟ್ಟು ಕೇಳಲಿ. ಡೇಟಾ ಮೊದಲ ದಿನವೇ ಸಿಗುತ್ತಾ? ನೀವು ರಜೆ ಯಾವಾಗ ಹಾಕ್ತೀರಿ? ಪೇಪರ್ ಪ್ರಕಟಿಸಲು ಕಂಪನಿ ಬಿಡುತ್ತಾ? ಹಿಂದಿನ ಇಂಟರ್ನ್ ಯಾರಾದರೂ ಇದ್ದರೆ ಅವರಿಗೊಂದು ಫೋನ್ ಮಾಡಲಿ. ಮಷಿನ್ ಲರ್ನಿಂಗ್‌ನವರ ದೊಡ್ಡ ಸಮ್ಮೇಳನಗಳಲ್ಲೊಂದಾದ ಐಸಿಎಲ್‌ಆರ್‌ಗೆ ಪೇಪರ್ ಕಳಿಸುವ ಗಡುವು ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಬರುತ್ತದೆ. ಆಗಸ್ಟಿನಲ್ಲಿ ಫಲಿತಾಂಶ ಕೈಯಲ್ಲಿದ್ದರೆ ಬರೆಯೋಕೆ ಸಮಯ ಸರಿಹೋಗುತ್ತದೆ.

ಇನ್ನು ವೀಸಾ. ಎಫ್-1, ಅಂದರೆ ವಿದ್ಯಾರ್ಥಿ ವೀಸಾದವರಿಗೆ, ಓದುತ್ತಿರುವಾಗಲೇ ಇಂಥ ಕೆಲಸ ಮಾಡಲು ಸಿಪಿಟಿ ಅನ್ನೋ ಅನುಮತಿ ಇದೆ. ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸೇ ಅದನ್ನು ಐ-20ಯಲ್ಲಿ, ಅಂದರೆ ಯೂನಿವರ್ಸಿಟಿ ಕೊಟ್ಟಿರುವ ವೀಸಾ ಸಂಬಂಧದ ಪತ್ರದಲ್ಲಿ, ಹಾಕಿಕೊಡುತ್ತದೆ. ಅದರಲ್ಲಿರುವ ತಾರೀಖಿಗೆ ಒಂದು ದಿನ ಮುಂಚೆಯೂ ಕೆಲಸ ಶುರುಮಾಡಬಾರದು. ಫುಲ್‌ಟೈಮ್ ಸಿಪಿಟಿ ಒಟ್ಟು 12 ತಿಂಗಳು ಆಗಿಬಿಟ್ಟರೆ, ಪಿಎಚ್‌ಡಿ ನಂತರ ಅಲ್ಲೇ ಕೆಲಸ ಮಾಡಲು ಸಿಗುವ ಓಪಿಟಿ ಅನ್ನೋ ಅನುಮತಿ ಕೈತಪ್ಪುತ್ತದೆ. ಒಂದೆರಡು ಬೇಸಿಗೆಯಿಂದ ಅಂಥ ಭಯವಿಲ್ಲ.

ಊರಿಗೆ? ಡಿಸೆಂಬರ್ ರಜೆಗೆ ಕರೆಸಿಕೊಳ್ಳಿ. ನಿಮ್ಮ ಕಡೆ ಆಗ ಅಡಿಕೆ ಕೊಯ್ಲಿನ ಗಡಿಬಿಡಿ ಇರಬಹುದು, ಆದರೂ ಪರವಾಗಿಲ್ಲ. ಹೊರಡುವ ಮುಂಚೆ ಐ-20ಯಲ್ಲಿ ಅದೇ ಇಂಟರ್‌ನ್ಯಾಷನಲ್ ಆಫೀಸಿನವರಿಂದ ಪ್ರಯಾಣದ ಸಹಿ ಹಾಕಿಸಿಕೊಳ್ಳಲಿ. ಪಾಸ್‌ಪೋರ್ಟಿನ ವೀಸಾ ಸ್ಟಾಂಪ್ ಅವಧಿ ಮುಗಿದಿದೆಯಾ ಅಂತ ಇವತ್ತೇ ನೋಡಲು ಹೇಳಿ.