ಕೊನೆಯಲ್ಲಿ ಉಣ್ಣುವವಳ ತಟ್ಟೆ

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನನ್ನ ಕೊಠಡಿಗೆ ಬಂದ ಆ ಹೆಣ್ಣುಮಗಳ ಹಣೆಯಲ್ಲಿ ಬೆವರಿತ್ತು. ಫ್ಯಾನಿನ ಕೆಳಗೆ ಕುಳಿತರೂ ಅದು ನಿಲ್ಲಲಿಲ್ಲ. ಚೀಲದಿಂದ ಚೀಟಿ ತೆಗೆಯುವಾಗ ಬೆರಳುಗಳು ನಡುಗುತ್ತಿದ್ದವು. ಮಾತು ಶುರು ಮಾಡುವ ಮೊದಲೇ ಗ್ಲುಕೋಮೀಟರ್ ತೆಗೆದೆ. ರಕ್ತದ ಸಕ್ಕರೆ 64 ಬಂತು. ಮೂರು ಚಮಚ ಸಕ್ಕರೆಯನ್ನು ನೀರಿಗೆ ಕಲಕಿ ಕುಡಿಸಿದೆ. ಹದಿನೈದು ನಿಮಿಷದ ಮೇಲೆ ಮತ್ತೆ ನೋಡಿದರೆ 92. ಆಮೇಲೆ ಎರಡು ಬಿಸ್ಕತ್ತು ತಿನ್ನಿಸಿಯೇ ಮಾತಿಗೆ ಕುಳಿತದ್ದು.

"ಸಕ್ಕರೆ ಕಾಯಿಲೆಯವಳಿಗೆ ಸಕ್ಕರೆ ಕುಡಿಸಿದಿರಲ್ಲ ಮೇಡಂ" ಎಂದು ಅವರು ಕಣ್ಣು ತುಂಬಿಕೊಂಡರು. ಅನ್ನ, ಮುದ್ದೆ ಬಿಟ್ಟ ಹನ್ನೊಂದು ದಿನದ ತಪಸ್ಸು ಕೆಟ್ಟಿತು ಎಂಬ ದುಃಖ ಅದು.

ಅವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು 47, ಮಂಡ್ಯ ಸೀಮೆಯ ಹಳ್ಳಿ, ಮನೆಯಲ್ಲೇ ಹೊಲಿಗೆ ಕೆಲಸ. ಮಧುಮೇಹ ಪತ್ತೆಯಾಗಿ ಆರು ವರ್ಷ. ಎಚ್‌ಬಿಎ1ಸಿ, ಅಂದರೆ ಹಿಂದಿನ ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ, ಶೇ 9.1 ಇತ್ತು. ವೈದ್ಯರು ಎಚ್ಚರಿಸಿದ್ದರು. ಅದೇ ವಾರ ಮೊಬೈಲಿನಲ್ಲಿ ಯಾರೋ "ಅನ್ನ, ಮುದ್ದೆ ಬಿಟ್ಟರೆ ಸಕ್ಕರೆ ಕಾಯಿಲೆಯೇ ಓಡಿಹೋಗುತ್ತದೆ" ಎಂದು ಹೇಳಿದ್ದನ್ನು ಕೇಳಿ ಎರಡನ್ನೂ ಒಂದೇ ದಿನ ಬಿಟ್ಟರು. ಮಾತ್ರೆಗಳನ್ನು ಮಾತ್ರ ಶ್ರದ್ಧೆಯಿಂದ ಮುಂದುವರಿಸಿದರು. ಅಪಾಯವಿದ್ದದ್ದು ಅಲ್ಲಿಯೇ.

ಅವರು ನುಂಗುತ್ತಿದ್ದದ್ದು ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಸಕ್ಕರೆ ಹೀಗೆ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಅದು ಇನ್ಸುಲಿನ್ ಸುರಿಸುವಂತೆ ಮೇದೋಜೀರಕ ಗ್ರಂಥಿಯನ್ನು ಒತ್ತಾಯಿಸುತ್ತದೆ, ತಟ್ಟೆಯಲ್ಲಿ ಮುದ್ದೆ ಇದೆಯೋ ಇಲ್ಲವೋ ಎಂದು ನೋಡುವುದಿಲ್ಲ. ಮುದ್ದೆ ಉಣ್ಣುವವರಿಗೆಂದು ಬರೆದ ಪ್ರಮಾಣವನ್ನು ಮುದ್ದೆ ಬಿಟ್ಟವರು ನುಂಗಿದರೆ ರಕ್ತದ ಸಕ್ಕರೆ 70ರ ಕೆಳಗೆ, ಅಂದರೆ ಅಪಾಯದ ಮಟ್ಟಕ್ಕೆ, ಜಾರಬಹುದು. ನಾನು ಊಟದ ಸಲಹೆ ಕೊಡುವವಳು, ಮಾತ್ರೆಯ ಪ್ರಮಾಣ ಬದಲಿಸುವುದು ನನ್ನ ಕೆಲಸವಲ್ಲ, ಹಾಗಾಗಿ ಅವರ ವೈದ್ಯರಿಗೆ ಕೂಡಲೇ ಫೋನ್ ಮಾಡಿದೆ. ಅಂದೇ ಗ್ಲಿಮೆಪಿರೈಡ್ ಅರ್ಧಕ್ಕಿಳಿಯಿತು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಮಾತು. ಡಪಾಗ್ಲಿಫ್ಲೋಜಿನ್‌ನಂತಹ, ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಮಾತ್ರೆ ತೆಗೆದುಕೊಳ್ಳುವವರು ಕಾರ್ಬೋಹೈಡ್ರೇಟ್ (ಅನ್ನ, ಮುದ್ದೆಯಂತಹವುಗಳಲ್ಲಿರುವ ಪಿಷ್ಟ, ಸಕ್ಕರೆ) ಪೂರ್ತಿ ಬಿಟ್ಟರೆ ರಕ್ತ ಆಮ್ಲೀಯವಾಗುವ ಕೀಟೊಆಸಿಡೋಸಿಸ್ ಎಂಬ ಗಂಡಾಂತರ ಬೇರೆ ಇದೆ. ಮೂತ್ರಪಿಂಡದ ತೊಂದರೆಯವರು, ಗರ್ಭಿಣಿಯರು ತಾವಾಗಿಯೇ ಇಂತಹ ಪಥ್ಯಕ್ಕೆ ಇಳಿಯಲೇಬಾರದು.

ಇಷ್ಟು ಹೇಳಿ ಮುಗಿಸಿದ್ದರೆ ಅವರು ಮತ್ತೆ ಹಳೆಯ ಊಟಕ್ಕೇ ಮರಳುತ್ತಿದ್ದರು. ಹಳೆಯ ಊಟ ಹೇಗಿತ್ತು ಎಂದು ಕೇಳಿದೆ.

ಮನೆಯಲ್ಲಿ ಆರು ಜನ. ಎಲ್ಲರ ಊಟವಾದ ಮೇಲೆ, ಸುಮಾರು ಮೂರು ಗಂಟೆಗೆ ಅವರ ಸರದಿ. "ಆಗ ಏನಿರುತ್ತದೆ?" ಎಂದೆ. ಸ್ವಲ್ಪ ಯೋಚಿಸಿ, "ಮುದ್ದೆ ಇರುತ್ತದೆ, ತಳದ ಅನ್ನ ಇರುತ್ತದೆ, ಸಾರು ಇರುತ್ತದೆ" ಎಂದರು. ಪಲ್ಯ? ಮುಗಿದಿರುತ್ತದೆ. ಕಾಳು? ಮಕ್ಕಳು ಆರಿಸಿಕೊಂಡಿರುತ್ತಾರೆ. ಮೊಟ್ಟೆ ಬೇಯಿಸಿದ ದಿನ ಲೆಕ್ಕ ಐದೇ.

ಇಷ್ಟು ವರ್ಷಗಳಲ್ಲಿ ನಾನು ಇದನ್ನು ಎಷ್ಟು ಮನೆಗಳಲ್ಲಿ ಕಂಡಿದ್ದೇನೋ. ಕೊನೆಯಲ್ಲಿ ಉಣ್ಣುವವಳಿಗೆ ಉಳಿಯುವುದು ಪಿಷ್ಟ ಮಾತ್ರ. ಇವರ ಸಕ್ಕರೆ ಏರಿದ್ದು ಆಸೆಬುರುಕತನದಿಂದಲ್ಲ. ಹಾಗೆಂದು ನಾನು ಹೇಳಿದಾಗ ಅವರು ಬಹಳ ಹೊತ್ತು ಏನೂ ಮಾತನಾಡಲಿಲ್ಲ.

ರಾಗಿಯ ಬಗ್ಗೆಯೂ ನೇರವಾಗಿ ಹೇಳಬೇಕಾಯಿತು. ರಾಗಿಯಲ್ಲಿ ನಾರಿದೆ, ಸುಣ್ಣಾಂಶವಿದೆ, ಅಕ್ಕಿಗಿಂತ ಒಳ್ಳೆಯದೇ. ಆದರೆ ನೂರು ಗ್ರಾಂ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟೇ ಇದೆ. ಸಕ್ಕರೆ ಕಾಯಿಲೆಗೆ ಮುದ್ದೆ ಎಷ್ಟು ಉಂಡರೂ ಆಗುತ್ತದೆ ಎಂಬ ನಂಬಿಕೆಯಲ್ಲಿ ಅವರು ದಿನಕ್ಕೆ ಎರಡು ದೊಡ್ಡ ಮುದ್ದೆ ಉಣ್ಣುತ್ತಿದ್ದರು. ಹಾಗೆಂದು ಪೂರ್ತಿ ಬಿಡುವುದೂ ಬೇಕಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನದಲ್ಲಿ 18,090 ಜನರ ಆಹಾರವನ್ನು ಆಧರಿಸಿ 2022ರಲ್ಲಿ ಒಂದು ಲೆಕ್ಕ ಪ್ರಕಟವಾಯಿತು. ಹೊಸದಾಗಿ ಮಧುಮೇಹ ಪತ್ತೆಯಾದವರಲ್ಲಿ ಅದು ಹಿಮ್ಮೆಟ್ಟಬೇಕಾದರೆ ಆಹಾರಶಕ್ತಿಯ ಶೇ 49ರಿಂದ 54ರಷ್ಟು ಕಾರ್ಬೋಹೈಡ್ರೇಟಿನಿಂದ, ಶೇ 19-20ರಷ್ಟು ಪ್ರೋಟೀನಿನಿಂದ ಬರಬೇಕು ಎಂದು ಅದು ಹೇಳಿತು. ನಮ್ಮ ಕಡೆಯ ಊಟಕ್ಕೆ ಅದೇ ದೊಡ್ಡ ಇಳಿಕೆ.

ನಾವು ಒಪ್ಪಿದ್ದು ಒಂದು ಊಟಕ್ಕೆ 45 ಗ್ರಾಂ ಕಾರ್ಬೋಹೈಡ್ರೇಟಿನ ಆಸುಪಾಸು. ಅವರಿಗೆ ಬೇರೆ ಅಡುಗೆ ಬೇಡವೆಂದು ನಾನು ಮೊದಲೇ ನಿರ್ಧರಿಸಿದ್ದೆ, ಏಕೆಂದರೆ ಬೇರೆ ಅಡುಗೆ ಮಾಡಬೇಕಾದವರೂ ಅವರೇ. ಬಸ್ಸಾರು ಅವರ ಮನೆಯಲ್ಲಿ ವಾರಕ್ಕೆ ಮೂರು ಸಲ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟು ಸಾರಿಗೆ ಹೋಗುತ್ತದೆ, ಉಳಿದದ್ದು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಅವರಿಗೆ ಬೇಕಾದ ಊಟ ಒಲೆಯ ಮೇಲೆ ಮೊದಲಿನಿಂದಲೂ ಇತ್ತು. ದೊಡ್ಡ ಬಟ್ಟಲಿನ ತುಂಬ ಪಲ್ಯ, ಒಂದು ಮೊಟ್ಟೆ ಅಥವಾ ಗಟ್ಟಿ ಮೊಸರು, 40 ಗ್ರಾಂ ಹಿಟ್ಟಿನ, ಸಣ್ಣ ಕಿತ್ತಳೆಯಷ್ಟು ಮುದ್ದೆ. ಮೊದಲು ಪಲ್ಯ, ಆಮೇಲೆ ಮುದ್ದೆ. ಅನ್ನ ವಾರದಲ್ಲಿ ಎರಡು ದಿನ, ಮುದ್ದೆಯ ಬದಲಿಗೆ.

ಆದರೆ ಬಡಿಸುವ ಮೊದಲೇ ತನ್ನ ಪಾಲಿನ ಪಲ್ಯ ತೆಗೆದಿಟ್ಟುಕೊಳ್ಳುವುದು ಅವರಿಗೆ ಸ್ವಾರ್ಥವೆನಿಸಿತು. ಅರ್ಧ ಗಂಟೆ ಅದಕ್ಕೇ ಹೋಯಿತು. ಹೊರಗೆ ಕಾಯುತ್ತಿದ್ದ ಗಂಡನನ್ನು ಒಳಗೆ ಕರೆದು ಮೀಟರಿನ 64ನ್ನು ತೋರಿಸಿದೆ. ಆ ಅಂಕಿ ಇನ್ನಷ್ಟು ಇಳಿದರೆ ಹೊಲಿಯುತ್ತಲೇ ಪ್ರಜ್ಞೆ ತಪ್ಪಬಹುದು ಎಂದೆ. ಅವರು ಮಾತು ಕಡಿಮೆಯ ಮನುಷ್ಯ. "ಒಟ್ಟಿಗೇ ಕೂತು ಉಣ್ಣೋಣ" ಎಂದರು. ನನ್ನ ಸಲಹೆಗಳಿಗಿಂತ ಆ ಮಾತು ಹೆಚ್ಚು ಕೆಲಸ ಮಾಡಿತು.

ನಡಿಗೆಯ ಮಾತು ಬಂದಾಗ, ಊರಿನ ದಾರಿಯಲ್ಲಿ ಸುಮ್ಮನೆ ನಡೆದರೆ ಜನ ಕೇಳುತ್ತಾರೆ ಎಂದು ಸಂಕೋಚಪಟ್ಟರು. ಹಾಗಾದರೆ ತಾರಸಿಯ ಮೇಲೆ ಎಂದೆ: ಪ್ರತಿ ಊಟದ ನಂತರ ಹದಿನೈದು ನಿಮಿಷ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ ನೆರವು ಹೆಚ್ಚು ಬೇಡದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ, ಊಟದ ಬೆನ್ನಿಗೇ ನಡೆದರೆ ಸಕ್ಕರೆಯ ಏರಿಕೆಯೇ ತಗ್ಗುತ್ತದೆ. ಒಂದು ಬ್ಲೌಸ್ ಮುಗಿದ ಮೇಲೆ ಕುರ್ಚಿಯಿಂದ ಹತ್ತು ಸಲ ಕೈ ಊರದೆ ಏಳುವುದು, ಕೂರುವುದು. ಮಿಷನ್ ಪಕ್ಕದಲ್ಲಿ ಸದಾ ಗ್ಲೂಕೋಸ್ ಪುಡಿ.

ಹೊರಡುವಾಗ ಚಪ್ಪಲಿ ಮೆಟ್ಟಲು ಕಾಲು ಎತ್ತಿದರು. ಎಡ ಹಿಮ್ಮಡಿಯಲ್ಲಿ ಗುಂಡುಸೂಜಿ ಚುಚ್ಚಿದ ಹಳೆಯ ಗಾಯ. ಯಾವಾಗ ಚುಚ್ಚಿತೆಂದು ಅವರಿಗೆ ಗೊತ್ತೇ ಇರಲಿಲ್ಲ. ನನಗೆ ಎದೆ ಝಲ್ಲೆಂದಿತು. ನರಗಳ ಸ್ಪರ್ಶ ಪರೀಕ್ಷೆಗೆ ಬರೆಸಿಕೊಟ್ಟು, ಮನೆಯೊಳಗೂ ಚಪ್ಪಲಿ ಹಾಕಬೇಕು, ರಾತ್ರಿ ಕನ್ನಡಿ ಹಿಡಿದು ಪಾದ ನೋಡಿಕೊಳ್ಳಬೇಕು ಎಂದು ಮಾತು ತೆಗೆದುಕೊಂಡೆ.

ಮೂರು ತಿಂಗಳ ಮೇಲೆ ಎಚ್‌ಬಿಎ1ಸಿ ಶೇ 7.6. ವೈದ್ಯರು ಗ್ಲಿಮೆಪಿರೈಡ್ ನಿಲ್ಲಿಸಿದ್ದಾರೆ, ಮೆಟ್‌ಫಾರ್ಮಿನ್ ಮುಂದುವರಿದಿದೆ. ಊಟ ಈಗ ಒಂದೂವರೆಗೆ, ಗಂಡನ ಜೊತೆ. ಗಾಯ ಮಾಗಿದೆ, ಪಾದದ ಸ್ಪರ್ಶ ಇನ್ನೂ ಮಂದವಾಗಿಯೇ ಇದೆ. ಕಣ್ಣಿನ ಅಕ್ಷಿಪಟಲದ ಪರೀಕ್ಷೆ ಬಾಕಿ ಇತ್ತು. ಮುಂದಿನ ಮಂಗಳವಾರಕ್ಕೆ ದಿನ ಗೊತ್ತುಮಾಡಿದ್ದೇವೆ.