ಜಿಪ್ ಕೋಡ್ ನೋಡಿ ಕೆಲಸ ಕೊಡೋದು ಸರಿಯಾ?

ಅಮೆರಿಕದ ಸಿಯಾಟಲ್‌ನ ಮಗಳ ಮನೆಗೆ ಹೋಗಿರುವ ನಿವೃತ್ತ ಎಂಜಿನಿಯರ್ ಒಬ್ಬರು ನಮಗೆ ಸಿಟ್ಟಿನ ಪತ್ರ ಬರೆದಿದ್ದಾರೆ. ಅಲ್ಲಿನ ನಗರಾಡಳಿತ ತನ್ನ ಕಾಮಗಾರಿಗಳಿಗೆ ಕೆಲಸಗಾರರನ್ನು ತೆಗೆದುಕೊಳ್ಳುವಾಗ ಜಿಪ್ ಕೋಡ್, ಅಂದರೆ ನಮ್ಮ ಪಿನ್‌ಕೋಡ್, ನೋಡುತ್ತದಂತೆ. ‘ವೆಲ್ಡಿಂಗ್ ಬರುತ್ತಾ ಅಂತ ಕೇಳಬೇಕು, ಮನೆ ಎಲ್ಲಿ ಅಂತಲ್ಲ. ಇದು ಕಪ್ಪು ಜನರಿಗೆ ಹಿಂಬಾಗಿಲ ಮೀಸಲಾತಿ ಅಲ್ವಾ?’ ಎಂದು ಕೇಳಿದ್ದಾರೆ.

ಹಿಂಬಾಗಿಲು ಅನ್ನೋದು ಪೂರ್ತಿ ಸುಳ್ಳಲ್ಲ ಸರ್. ಮುಂಬಾಗಿಲನ್ನು ಮತದಾರರೇ ಮುಚ್ಚಿದ್ದಾರೆ. ಸರ್ಕಾರಿ ನೌಕರಿ, ಗುತ್ತಿಗೆ, ಕಾಲೇಜು ಸೀಟಿನಲ್ಲಿ ಜನಾಂಗ ನೋಡಿ ಆದ್ಯತೆ ಕೊಡಬಾರದು ಎಂದು ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ಜನ 1998ರಲ್ಲೇ ಮತ ಹಾಕಿದರು. ಹಾಗಾಗಿ 2015ರಲ್ಲಿ ಸಿಯಾಟಲ್ ಬೇರೆ ದಾರಿ ಹಿಡಿಯಿತು. ಬಡತನ, ನಿರುದ್ಯೋಗ ಜಾಸ್ತಿ ಇರುವ, ಡಿಗ್ರಿ ಓದಿದವರು ಕಡಿಮೆ ಇರುವ ಜಿಪ್ ಕೋಡ್‌ಗಳನ್ನು ಆರಿಸಿತು. 50 ಲಕ್ಷ ಡಾಲರಿಗಿಂತ ದೊಡ್ಡ ಕಾಮಗಾರಿಗಳಲ್ಲಿ ಅಲ್ಲಿಯವರಿಗೆ ಆದ್ಯತೆ. ಹಾಗಂತ ವೆಲ್ಡಿಂಗ್ ಬಾರದವರ ಕೈಗೆ ಯಾರೂ ಟಾರ್ಚ್ ಕೊಡಲ್ಲ, ಆ ಚಿಂತೆ ಬೇಡ.

ಆದರೆ ವೆಲ್ಡಿಂಗ್ ಕಲಿಯೋದು ಎಲ್ಲಿ? ಅಲ್ಲಿ ಕಲಿಕೆ ಅಂದರೆ ಹೆಚ್ಚಾಗಿ ಯೂನಿಯನ್‌ನ, ಅಂದರೆ ಕಾರ್ಮಿಕ ಸಂಘದ, ಅಪ್ರೆಂಟಿಸ್‌ಗಿರಿ. ಸಂಬಳವೂ ಬರುತ್ತದೆ, ಕೈಗೆ ಕೆಲಸವೂ ಹತ್ತುತ್ತದೆ. ಬಹಳ ಕಾಲ ಅದು ಅಪ್ಪನಿಂದ ಮಗನಿಗೆ, ಚಿಕ್ಕಪ್ಪನಿಂದ ಅಣ್ಣನ ಮಗನಿಗೆ ಹೋಗುವ ಸೀಟು. ನಮ್ಮ ಮೇಸ್ತ್ರಿ ತನ್ನ ಬಾಮೈದನನ್ನೇ ಕರ್ಕೊಂಡು ಬರ್ತಾನಲ್ಲ, ಹಾಗೆ. 1969ರಲ್ಲಿ ಟೈರೀ ಸ್ಕಾಟ್ ಎಂಬ ಕಪ್ಪು ಎಲೆಕ್ಟ್ರಿಷಿಯನ್ ಮತ್ತು ಅವರ ಜೊತೆಗಾರರು ಸಿಯಾಟಲ್‌ನ ವಿಶ್ವವಿದ್ಯಾಲಯದ ಕಟ್ಟಡ ಕೆಲಸ ನಿಲ್ಲಿಸಿದರು. ವಿಮಾನ ನಿಲ್ದಾಣಕ್ಕೂ ನುಗ್ಗಿದರು. ಮರುವರ್ಷ ಫೆಡರಲ್ ಕೋರ್ಟು ಯೂನಿಯನ್‌ಗಳಿಗೆ ಕಪ್ಪು ಕೆಲಸಗಾರರನ್ನು ಸೇರಿಸಿಕೊಳ್ಳಿ ಎಂದು ಆದೇಶಿಸಿತು.

ಸೀಟು ಸಿಕ್ಕರೂ ಮುಗಿಯಲ್ಲ. ಸೈಟು ಬೆಳಗ್ಗೆ ಆರಕ್ಕೋ ಏಳಕ್ಕೋ ಶುರು. ಆ ಹೊತ್ತಿಗೆ ಎಲ್ಲ ಕಡೆ ಬಸ್ ಸಿಗಲ್ಲ. ಕಾರು ಬೇಕು, ಲೈಸೆನ್ಸ್ ಬೇಕು. 2023ಕ್ಕೆ ಮುಂಚೆ ಟ್ರಾಫಿಕ್ ದಂಡ ಕಟ್ಟದಿದ್ದರೂ ಲೈಸೆನ್ಸ್ ಹೋಗುತ್ತಿತ್ತು; ಹಾಗಾದವರಿಗೆ ವೆಲ್ಡಿಂಗ್ ಎಷ್ಟು ಚೆನ್ನಾಗಿ ಬಂದರೇನು? ತುದಿಗೆ ಉಕ್ಕು ಹಾಕಿದ ಬೂಟು, ಸಲಕರಣೆ ಸ್ವಂತದ್ದು ತರಬೇಕು. ಮಗುವನ್ನು ಐದು ಗಂಟೆಗೆ ಯಾರ ಕೈಗೆ ಕೊಡೋದು? ನನ್ನ ಕೇಳಿದರೆ, ಈ ಯೋಜನೆಯಲ್ಲಿ ಜಿಪ್ ಕೋಡ್‌ಗಿಂತ ಮುಖ್ಯವಾದದ್ದು ಇಂಥ ಚಿಲ್ಲರೆ ಅಡ್ಡಿಗಳನ್ನು ಬಿಡಿಸಲು ನಗರ ಕೊಡುವ ದುಡ್ಡು.

ಜಿಪ್ ಕೋಡ್ ಬಗ್ಗೆ ನನಗೂ ಒಂದು ತಕರಾರಿದೆ, ನಿಮ್ಮದಲ್ಲ. ಹಿಂದೆ ಬ್ಯಾಂಕುಗಳು ಸಾಲ ಕೊಡದೆ, ಮನೆ ಮಾರುವವರು ಕ್ರಯಪತ್ರದಲ್ಲೇ ‘ಬಿಳಿಯರಲ್ಲದವರಿಗೆ ಮಾರಬಾರದು’ ಎಂದು ಬರೆದು, ಕಪ್ಪು ಜನರನ್ನು ಸೆಂಟ್ರಲ್ ಡಿಸ್ಟ್ರಿಕ್ಟ್ ಎಂಬ ಸಿಯಾಟಲ್‌ನ ಬಡಾವಣೆಗೆ ತಳ್ಳಿದ್ದರು. ಈಗ ಅಲ್ಲಿ ಬಾಡಿಗೆ ಏರಿ, ಅವರೇ ನಗರದ ದಕ್ಷಿಣಕ್ಕಿರುವ ಕೆಂಟ್, ರೆಂಟನ್ ಊರುಗಳ ಕಡೆ ಹೋಗುತ್ತಿದ್ದಾರೆ. ಜನ ಮನೆ ಬದಲಿಸಿದಷ್ಟು ಬೇಗ ಪಟ್ಟಿ ಬದಲಾಗುತ್ತದಾ?

ನೀವು ಇನ್ನೂ ಅಲ್ಲೇ ಇದ್ದೀರಿ ತಾನೆ? ಒಂದು ದಿನ ಬೆಳಗ್ಗೆ ಬೇಗ ಎದ್ದು ಯಾವುದಾದರೂ ಸೈಟಿನ ಗೇಟ್ ಹತ್ತಿರ ಹೋಗಿ. ಎಲ್ಲಿಂದ ಬಂದ್ರಿ, ಎಷ್ಟು ಗಂಟೆಗೆ ಹೊರಟ್ರಿ ಅಂತ ನಾಲ್ಕು ಜನರನ್ನು ಕೇಳಿ. ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

– ಸಂಪಾದಕ