ಚೊಂಬಿನ ತಳ ನೇರ ಇರೋದಿಲ್ಲ

ಸಾಗರದ ಓದುಗರೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು, ಹೀಗೆ ಬರೆದಿದ್ದಾರೆ: ಮಗಳು ಎರಡನೇ ಪಿಯುಸಿ. ಮುಂದೆ ಬಿವಿಎ, ಅಂದರೆ ಚಿತ್ರಕಲೆಯ ಪದವಿಗೆ ಸೇರುವ ಆಸೆ. ಚಿತ್ರ ಬಿಡಿಸಲು ಈಗಲೇ 60,000 ರೂಪಾಯಿಯ ಟ್ಯಾಬ್ಲೆಟ್ ಬೇಕು ಅಂತ ಹಟ ಹಿಡಿದಿದ್ದಾಳೆ. ಡ್ರಾಯಿಂಗ್ ಮೇಷ್ಟ್ರು ‘ಮೊದಲು ಪೆನ್ಸಿಲ್ ಹಿಡಿಯಲಿ’ ಅನ್ನುತ್ತಾರೆ. ‘ಈಗ ಪೇಪರ್ ಮೇಲೆ ಯಾರು ಬಿಡಿಸ್ತಾರೆ?’ ಅನ್ನೋದು ಮಗಳ ವಾದ. ನಾನು ಯಾರ ಮಾತು ಕೇಳಲಿ?

ನಮಸ್ಕಾರ ತಾಯಿ. ಮಗಳ ಮಾತಿನಲ್ಲಿ ಸತ್ಯ ಇದೆ, ಮೊದಲು ಅದನ್ನು ಹೇಳಿಬಿಡುತ್ತೇನೆ. ನಮ್ಮ ಪತ್ರಿಕೆಗೆ ಚಿತ್ರ ಬರೆದುಕೊಡುವವರಲ್ಲಿ ಹೆಚ್ಚಿನವರು ಈಗ ಟ್ಯಾಬ್ಲೆಟ್ಟಿನಲ್ಲೇ ಬರೆಯುತ್ತಾರೆ. ಪುಟದ ಅಳತೆ ಬದಲಾಯಿತು ಅಂತ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರೂ ಅವರಿಗೆ ಗಾಬರಿ ಇಲ್ಲ. ಟ್ಯಾಬ್ಲೆಟ್ಟಿನಲ್ಲಿ ಚಿತ್ರವನ್ನು ಒಂದರ ಮೇಲೊಂದು ಪದರಗಳಾಗಿ, ಅಂದರೆ ಲೇಯರ್‌ಗಳಾಗಿ ಬರೆಯಬಹುದು. ಆಕಾಶದ ಲೇಯರ್ ಬೇರೆ, ಮರದ ಲೇಯರ್ ಬೇರೆ. ಮರವನ್ನು ಸ್ವಲ್ಪ ಸರಿಸಿ ಅರ್ಧ ಗಂಟೆಯಲ್ಲಿ ಕಳಿಸುತ್ತಾರೆ. ಇದನ್ನು ಕಲೆಯೇ ಅಲ್ಲ ಅನ್ನುವವರ ಜೊತೆ ನಾನಿಲ್ಲ.

ಆದರೂ ಈ ವರ್ಷದ ಮಟ್ಟಿಗೆ ನಾನು ಮೇಷ್ಟ್ರ ಕಡೆ. ಅದಕ್ಕೆ ಕಾರಣ ಒಂದು ಚೊಂಬು.

ನಾನು ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ತಯಾರಾಗುತ್ತಿದ್ದಾಗ ನಮ್ಮ ಮೇಷ್ಟ್ರು ಸ್ಟೂಲಿನ ಮೇಲೆ ಹಿತ್ತಾಳೆ ಚೊಂಬು ಇಟ್ಟು ಬರೆಯಲು ಹೇಳಿದರು. ಬಾಯಿಯನ್ನು ಹೇಗೋ ದುಂಡಗೆ ಬರೆದೆ. ತಳಕ್ಕೆ ಸ್ಕೇಲ್ ಇಟ್ಟ ಹಾಗೆ ನೇರ ಗೆರೆ ಎಳೆದೆ. ಸ್ಟೂಲ್ ಸಮತಟ್ಟಾಗಿದೆ, ಅದರ ಮೇಲೆ ಕೂತ ಚೊಂಬಿನ ತಳವೂ ನೇರವೇ ಅಲ್ವಾ? ಅಳಿಸೋಣ ಅಂತ ಹೋದರೆ ಮೇಷ್ಟ್ರು ನನ್ನ ರಬ್ಬರ್ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು. ‘ಆ ಗೆರೆ ಅಲ್ಲೇ ಇರಲಿ. ಎಲ್ಲಿ ತಪ್ಪಿದೆ ನೋಡಿಕೊಂಡು ಪಕ್ಕದಲ್ಲಿ ಇನ್ನೊಂದು ಎಳಿ’ ಅಂದರು. ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳು ಜಾರಿಸುತ್ತಾ ಅಳೆದೆ. ನಾಲ್ಕನೇ ಗೆರೆಯ ಹೊತ್ತಿಗೆ ತಿಳಿಯಿತು. ಚೊಂಬು ನಮ್ಮ ಕಣ್ಣಿನ ಮಟ್ಟಕ್ಕಿಂತ ಕೆಳಗಿದ್ದರೆ ತಳದ ಗೆರೆ ಬಾಗುತ್ತದೆ. ಅದೂ ಬಾಯಿಯ ದುಂಡಿಗಿಂತ ತಳದ ದುಂಡು ಹೆಚ್ಚು ಅಗಲವಾಗಿ ತೆರೆದುಕೊಳ್ಳುತ್ತದೆ. ಕಣ್ಣಿನ ಮಟ್ಟದಿಂದ ಕೆಳಗೆ ಹೋದಷ್ಟೂ ದುಂಡು ಜಾಸ್ತಿ.

ಇದನ್ನು ನನಗೆ ಕಲಿಸಿದ್ದು ಮೊದಲಿನ ಆ ಮೂರು ತಪ್ಪು ಗೆರೆಗಳು. ಅವು ಹಾಳೆಯ ಮೇಲೆ ಇದ್ದುದರಿಂದಲೇ ನಾಲ್ಕನೆಯದನ್ನು ಎಲ್ಲಿಗೆ ಎಳೆಯಬೇಕು ಅಂತ ಗೊತ್ತಾಯಿತು. ಐಪ್ಯಾಡಿನಲ್ಲಿ ಚಿತ್ರ ಬರೆಯುವ ಪ್ರೊಕ್ರಿಯೇಟ್ ಎಂಬ ಆ್ಯಪ್‌ನಲ್ಲಿ ಎರಡು ಬೆರಳಿನಿಂದ ತಟ್ಟಿದರೆ ತಪ್ಪು ಗೆರೆ ಮಾಯ. ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ. ಎಳೆಯುವುದು, ತಟ್ಟುವುದು, ಮತ್ತೆ ಅದೇ ತಪ್ಪು ಎಳೆಯುವುದು. ಇಪ್ಪತ್ತು ಸಲ ಹೀಗೆ ಮಾಡುವ ಮಕ್ಕಳನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ.

ಅದರಲ್ಲೇ ಇನ್ನೊಂದು ಸೌಲಭ್ಯವಿದೆ. ಸೊಟ್ಟಗೆ ದುಂಡು ಎಳೆದು ಪೆನ್ ಎತ್ತದೆ ಹಾಗೇ ಹಿಡಿದರೆ ಅದು ತಾನಾಗಿ ನುಣುಪಾದ ದೀರ್ಘವೃತ್ತ ಆಗುತ್ತದೆ. ನೋಡಲು ಚೆಂದ. ಆದರೆ ನಿಮ್ಮ ಮುಂದಿರುವ ಚೊಂಬಿನ ತಳ ಎಷ್ಟು ತೆರೆದಿದೆ ಅಂತ ಆ ಸಾಫ್ಟ್‌ವೇರ್‌ಗೆ ಏನು ಗೊತ್ತು? ಕೈ ನಡುಗಿದ್ದನ್ನು ಅದು ಸರಿಮಾಡೀತು, ಕಣ್ಣು ನೋಡದೇ ಬಿಟ್ಟಿದ್ದನ್ನು ಸರಿಮಾಡಲಾರದು.

ಅಳಿಸುವುದೇ ತಪ್ಪು ಅಂತಲ್ಲ. ಮೈಸೂರು ಶೈಲಿಯ ಹಳೆಯ ಚಿತ್ರಗಾರರು ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಿಂದ ಮೊದಲ ಗೆರೆ ಹಾಕುತ್ತಿದ್ದರು. ಇದ್ದಿಲಿನ ಗೆರೆಯನ್ನು ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಆದರೆ ಸುಳಿವೊಂದು ಮಸುಕಾಗಿ ಉಳಿದಿರುತ್ತದೆ. ಕಲಿಯುವವರಿಗೆ ಅಷ್ಟು ಸಾಕು.

ಇಂಗ್ಲೆಂಡಿನ ಹೆಸರಾಂತ ಚಿತ್ರಕಾರ ಡೇವಿಡ್ ಹಾಕ್ನಿ ಐಪ್ಯಾಡಿನಲ್ಲಿ ಬರೆಯಲಿಲ್ಲವೇ ಅಂತ ಮಗಳು ಕೇಳಬಹುದು. ಬರೆದರು, ಅದ್ಭುತವಾಗಿ ಬರೆದರು. 2011ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಒಂದು ರಸ್ತೆಯಲ್ಲಿ ವಸಂತ ಬರುವುದನ್ನು ಅವರು ಐಪ್ಯಾಡಿನಲ್ಲೇ ಹಿಡಿದಿಟ್ಟರು. ಆಗ ಅವರ ವಯಸ್ಸು 70 ದಾಟಿತ್ತು. 1950ರ ದಶಕದಲ್ಲಿ ಬ್ರಾಡ್‌ಫರ್ಡ್‌ನ ಕಲಾಶಾಲೆಗೆ ಸೇರಿದಾಗಿನಿಂದ ಕಾಗದದ ಮೇಲೆ ಪಳಗಿದ ಕೈ ಅದು. ಉಡುಪಿ ಹತ್ತಿರದ ಕಟ್ಟಿಂಗೇರಿಯ ಚಿತ್ರಕಾರ ಕೆ.ಕೆ. ಹೆಬ್ಬಾರರ ನರ್ತಕಿಯರ ರೇಖಾಚಿತ್ರಗಳನ್ನೂ ಮಗಳಿಗೆ ತೋರಿಸಿ. ಎಷ್ಟು ಕಡಿಮೆ ಗೆರೆ! ಬೆನ್ನಿನಿಂದ ಹಿಮ್ಮಡಿಯವರೆಗೆ ಗೆರೆ ಹರಿಯುವುದನ್ನು ಅವಳು ಬೆರಳಿನಿಂದ ಹಿಂಬಾಲಿಸಲಿ.

ಈಗ ದುಡ್ಡಿನ ಮಾತು. 60,000 ಈಗ ಖರ್ಚು ಮಾಡಬೇಡಿ. ಒಂದು ದಪ್ಪ ಸ್ಕೆಚ್ ಬುಕ್, ಎಚ್‌ಬಿ, 2ಬಿ, 6ಬಿ ಪೆನ್ಸಿಲ್ ಕೊಡಿಸಿ. ಬಸ್ ಸ್ಟ್ಯಾಂಡಿನಲ್ಲಿ ಕೂತವರು, ಅಂಗಳದ ಕೋಳಿ, ಅಡುಗೆಮನೆಯ ಪಾತ್ರೆ, ದಿನಕ್ಕೆ ಒಂದು ಪುಟ ಬರೆಯಲಿ. ಟ್ಯಾಬ್ಲೆಟ್ಟಿನ ಆಸೆಯನ್ನು ಸುಮ್ನೆ ಚಿವುಟಲೂ ಬೇಡಿ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಸ್ಕ್ರೀನ್ ಇಲ್ಲದ ಸಣ್ಣ ಪೆನ್ ಟ್ಯಾಬ್ಲೆಟ್ ಕೆಲವೇ ಸಾವಿರಕ್ಕೆ ಸಿಗುತ್ತದೆ. ಕ್ರಿಟಾ ಎಂಬ ಒಳ್ಳೆಯ ಸಾಫ್ಟ್‌ವೇರ್ ಉಚಿತ. ಬಣ್ಣದ ಪ್ರಯೋಗಗಳನ್ನು ಅದರಲ್ಲಿ ಮನಸಾರೆ ಮಾಡಲಿ. ದುಬಾರಿಯದು ಬಿವಿಎ ಎರಡನೇ ವರ್ಷದಲ್ಲಿ ನೋಡೋಣ. ಆ ಹೊತ್ತಿಗೆ ತನಗೆ ಯಾವುದು ಬೇಕು ಅಂತ ಅವಳಿಗೇ ಗೊತ್ತಿರುತ್ತದೆ.

ನನ್ನದೊಂದು ಕೋರಿಕೆ. ಈ ಭಾನುವಾರ ನಿಮ್ಮ ಮನೆಯ ಚೊಂಬನ್ನೇ ಸ್ಟೂಲಿನ ಮೇಲಿಟ್ಟು ಮಗಳಿಗೆ ಬರೆಯಲು ಹೇಳಿ. ಅಳಿಸದೆ, ತಪ್ಪು ಗೆರೆಗಳ ಸಮೇತ ಆ ಹಾಳೆಯನ್ನು ನನಗೆ ಕಳಿಸಲಿ.